ಗಿರ್ರನೆ ತಿರುಗುವ ಮೆಷಿನ್ ಬೇಕೋ ಬೇಡವೋ

ಕೆಲವರ ಜಾತಕದಲ್ಲಿ ವಾಹನಯೋಗ ಇರುತ್ತದೆ, ಕೆಲವರಿಗೆ ಭೂಮಿಯೋಗ. ನನಗಿರುವುದು ನಗೆಪಾಟಲಿನ ಯೋಗ. ಯಾವ ಸಾಮಾನು ಕೊಳ್ಳಲು ಮನಸ್ಸು ಮಾಡಿದರೂ ಅದು ಮನೆಗೆ ಬರುವ ಮೊದಲೇ ನಾಲ್ಕು ಜನ ನನ್ನನ್ನು ನೋಡಿ ನಕ್ಕಿರುತ್ತಾರೆ.

ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ನಾನು ರೈಟರ್. ರೈಟರ್ ಅಂದರೆ ಕತೆಗಾರನಲ್ಲ, ಆಳುಗಳ ಹಾಜರಿ ಬರೆಯುವವನು. ದಿನವಿಡೀ ಪೆನ್ನು ಹಿಡಿದ ಕೈಗೆ ಮನೆಗೆ ಬಂದ ಮೇಲೆ ಏನಾದರೂ ರಿಪೇರಿ ಮಾಡುವ ಚಪಲ. ಈ ಸಲ ಕಣ್ಣು ಬಿದ್ದದ್ದು ರೋಟರಿ ಟೂಲ್ ಎಂಬ ಮೆಷಿನ್ ಮೇಲೆ. ಟಾರ್ಚಿನಷ್ಟೇ ಗಾತ್ರ. ತುದಿಯ ಬಿಟ್ ಬದಲಾಯಿಸುತ್ತ ಹೋದರೆ ಕೊರೆಯುತ್ತದೆ, ಕತ್ತರಿಸುತ್ತದೆ, ಉಜ್ಜುತ್ತದೆ, ಸ್ಟೀಲಿನ ಮೇಲೆ ಅಕ್ಷರವನ್ನೂ ಕೆತ್ತುತ್ತದೆ. ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ ನೋಡಿ, ಇದಿಲ್ಲದೆ ಇಷ್ಟು ವರ್ಷ ಸಂಸಾರ ಹೇಗೆ ಮಾಡಿದೆ ಎಂದು ನನಗೇ ಆಶ್ಚರ್ಯವಾಗತೊಡಗಿತು.

ಕೋಡುಬಳೆಯ ಋಣ

ಮನೆಯಲ್ಲಿ ವಿಷಯ ಎತ್ತುವಾಗಲೇ ಎಡವಿದೆ. ರೋಟರಿ ಅಂದರೆ ತಿಳಿಯಲಿಕ್ಕಿಲ್ಲ ಎಂದು, ಒಂದು ಸಣ್ಣ ಗ್ರೈಂಡರ್ ತೆಗೆದುಕೊಳ್ಳೋಣ ಅಂತಿದ್ದೇನೆ ಎಂದೆ. ಹೆಂಡತಿ ಒಲೆ ಆರಿಸಿ ಬಂದು ಎದುರು ಕೂತಳು. ನಮ್ಮ ಹಳೇ ಗ್ರೈಂಡರಿನ ಕಲ್ಲು ಎರಡು ವರ್ಷದಿಂದ ಲಟಲಟ ಅನ್ನುತ್ತಿತ್ತು. ಆ ಸದ್ದು ಅಂತೂ ಗಂಡನ ಕಿವಿಗೆ ಬಿತ್ತಲ್ಲ ಎಂದು ಅವಳಿಗೆ ಸಂತೋಷವಾಗಿತ್ತು.

ಅಂದು ಸಂಜೆ ಕೇಳದೆಯೇ ಕಾಫಿ ಬಂತು, ಜೊತೆಗೆ ಕೋಡುಬಳೆ. ನಾನು ಕೋಡುಬಳೆ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ನಿಧಾನವಾಗಿ ವಿಡಿಯೋ ತೋರಿಸಿದೆ. ಅವಳು ಕೊನೆಯವರೆಗೂ ನೋಡಿ, ಒಂದೇ ಪ್ರಶ್ನೆ ಕೇಳಿದಳು.

"ಇದರಲ್ಲಿ ಒಂದು ಇಡ್ಲಿಗೆ ಆಗುವಷ್ಟಾದ್ರೂ ಉದ್ದು ರುಬ್ಬಬಹುದಾ?"

ವ್ಯಾಪಾರ ಬೇಡವೆಂದ ವ್ಯಾಪಾರಿ

ಭಾನುವಾರ ಮೂಡಿಗೆರೆಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವರು ವಿಭೂತಿ ಹಚ್ಚಿಕೊಂಡ ಹಿರಿಯರು. ನಮ್ಮಪ್ಪನ ಕಾಲದಿಂದ ಪರಿಚಯ. ಮೆಷಿನ್ ಕೈಗೆ ಕೊಟ್ಟು, ಮನೆಯಲ್ಲಿ ಅಂಥ ಕೆಲಸ ಏನಿದೆ ಎಂದು ಕೇಳಿದರು. ನಾನು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಬಚ್ಚಲು ಮನೆ ಬಾಗಿಲು ಮಳೆಗೆ ಉಬ್ಬಿ ಹಾಕಲಿಕ್ಕೆ ಆಗುತ್ತಿಲ್ಲ, ಅದರ ಅಂಚು ಉಜ್ಜಬೇಕು ಎಂದೆ.

ಅವರು ಮೆಷಿನ್ ವಾಪಸ್ ತೆಗೆದುಕೊಂಡು ಡಬ್ಬದೊಳಗಿಟ್ಟರು. ಅಷ್ಟು ಉದ್ದದ ಅಂಚನ್ನು ಇದರಲ್ಲಿ ಉಜ್ಜುವುದು ಚಮಚದಲ್ಲಿ ಕೆರೆ ಖಾಲಿ ಮಾಡಿದ ಹಾಗೆ ಎಂದರು. ಹಾಗಾದರೆ ಯಾವ ಮೆಷಿನ್ ಬೇಕು ಅಂತ ಕೇಳಿದೆ.

"ಯಾವುದೂ ಬೇಡ ಮಾರಾಯ್ರೇ. ಡಿಸೆಂಬರ್ ತನಕ ಹಾಡು ಹೇಳ್ಕೊಂಡು ಸ್ನಾನ ಮಾಡಿ, ಬಾಗಿಲು ತಾನೇ ಸರಿಹೋಗ್ತದೆ."

ಮೇಸ್ತ್ರಿಯ ಹಲ್ಲು

ಬರಿಗೈಲಿ ಬಂದ ನನ್ನ ಜೋಲು ಮುಖ ನೋಡಲಾರದೆ ಹೆಂಡತಿ ಒಂದು ಷರತ್ತು ಹಾಕಿದಳು. ಯಾರ ಹತ್ತಿರವಾದರೂ ಒಂದು ವಾರಕ್ಕೆ ಆ ಮೆಷಿನ್ ಕಡ ತರಬೇಕು. ಅದೇ ಬೇಕೇ ಬೇಕು ಅನ್ನುವಂಥ ಒಂದಾದರೂ ಕೆಲಸವನ್ನು ಮನೆಯಲ್ಲಿ ಮಾಡಿ ತೋರಿಸಬೇಕು. ಆಗದಿದ್ದರೆ ಮತ್ತೆ ಆ ಮಾತೇ ಎತ್ತಬಾರದು.

ಎಸ್ಟೇಟಿನ ಮೆಕ್ಯಾನಿಕ್ ಹತ್ತಿರ ಒಂದಿತ್ತು, ಅದನ್ನೇ ಕಡ ತಂದೆ. ಮೂರು ದಿನ ಮನೆ ತುಂಬ ಕೆಲಸ ಹುಡುಕಿದೆ. ತುಕ್ಕು ಹಿಡಿದ ಬೀಗ ಎಣ್ಣೆಗೇ ಬಿಟ್ಟುಕೊಂಡಿತು. ಕುಕ್ಕರಿನ ಹಿಡಿ ಸ್ಕ್ರೂಡ್ರೈವರಿಗೇ ಬಿಗಿಯಾಯಿತು. ನನಗಂತೂ ನಮ್ಮ ಮನೆಯ ಸಾಮಾನುಗಳ ಒಳ್ಳೆಯತನದ ಮೇಲೆ ಸಿಟ್ಟು ಬಂತು.

ನಾಲ್ಕನೇ ದಿನ ಜಗಲಿಯಲ್ಲಿ ಸುಮ್ಮನೆ ತೆಂಗಿನ ಚಿಪ್ಪು ಉಜ್ಜುತ್ತಿದ್ದೆ. ಆಳು ಲೆಕ್ಕ ಹೇಳಲು ಬಂದ ಮೇಸ್ತ್ರಿ ಗಿರ್ ಸದ್ದಿಗೆ ಅಲ್ಲೇ ನಿಂತರು. ಹಲ್ಲಿನ ಡಾಕ್ಟರ ಹತ್ತಿರ ಇರುವುದು ಇದೇ ಅಲ್ಲವಾ ಎಂದು ಕೇಳಿದರು. ಹೆಚ್ಚುಕಡಿಮೆ ಇದರ ಹಾಗೆಯೇ ಎಂದೆ, ಸ್ವಲ್ಪ ಜಂಬದಿಂದಲೇ. ಅವರು ಮೆಟ್ಟಿಲ ಮೇಲೆ ಕೂತು ಬಾಯಿ ಅಗಲ ಮಾಡಿದರು. ಹಿಂದಿನ ಹಲ್ಲೊಂದು ಮುರಿದು ಚೂಪಾಗಿ ವಾರದಿಂದ ನಾಲಿಗೆ ಕೊರೆಯುತ್ತಿದೆಯಂತೆ. ಅದನ್ನಷ್ಟು ಉಜ್ಜಿ ಕೊಡಬೇಕಂತೆ.

ಅವರನ್ನು ಡಾಕ್ಟರ ಹತ್ತಿರ ಹೋಗಲು ಒಪ್ಪಿಸುವಷ್ಟರಲ್ಲಿ ನಾನು ಬೆವೆತಿದ್ದೆ. ಒಳಗಿನಿಂದ ಹೆಂಡತಿಯ ದನಿ ಬಂತು.

"ಅಂತೂ ಒಂದು ಕೆಲಸ ಬಂದಿತ್ತು, ಅದನ್ನೂ ವಾಪಸ್ ಕಳಿಸಿದ್ರಾ?"

ಅತ್ತೆಯವರ ಕೊಡ

ವಾರ ಮುಗಿಯಲು ಎರಡು ದಿನ ಇತ್ತು. ವಸ್ತಾರೆಯಲ್ಲಿ ನನ್ನ ಅತ್ತೆಯವರು ಹೊಸ ಮನೆ ಕಟ್ಟಿಸಿದ್ದರು, ಮರುದಿನ ಅದರ ಗೃಹಪ್ರವೇಶ. ಉಡುಗೊರೆಗೆ ಹೆಂಡತಿ ದೊಡ್ಡ ಸ್ಟೀಲ್ ಕೊಡ ತಂದಿದ್ದಳು. ಅಂಗಡಿಯಲ್ಲಿ ರಶ್ ಇದ್ದು ಹೆಸರು ಹಾಕಿಸಲು ಆಗಿರಲಿಲ್ಲ. ಹೆಸರಿಲ್ಲದ ಪಾತ್ರೆ ಕೊಡುವುದು ಹೇಗೆ ಎಂದು ಪೇಚಾಡುತ್ತಿದ್ದಳು. ನಾನು ಮೆಷಿನ್ ತಂದು ಕೊಡದ ಪಕ್ಕ ಇಟ್ಟೆ. ಮದುವೆಯಾದ ಮೇಲೆ ಮೊದಲ ಸಲ ಅವಳು ನನ್ನ ರಿಪೇರಿ ಕೆಲಸಕ್ಕೆ ತಾನೇ ಎದ್ದು ಪ್ಲಗ್ ಹಾಕಿಕೊಟ್ಟಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕೆತ್ತುವವರು ನೀವಲ್ಲವೇ ಎಂದು ನನ್ನ ಮಾತಿನಲ್ಲೇ ಚೀಟಿ ಬರೆದುಕೊಟ್ಟಳು: "ಅತ್ತೆಯವರ ಗೃಹಪ್ರವೇಶದ ನೆನಪಿಗಾಗಿ. ಮಗಳು, ಅಳಿಯ." 'ಅತ್ತೆಯವರ' ಸಲೀಸಾಗಿ ಬಂತು. ಮುಂದಿನದು 'ಗೃ'. ಉಬ್ಬಿದ ಸ್ಟೀಲಿನ ಮೇಲೆ ಬಿಟ್ ಜಾರುತ್ತಿತ್ತು. ನೇರ ಗೆರೆ ಎಳೆಯುವುದೇ ಕಷ್ಟ, ಇನ್ನು ಆ ವಟ್ರಸುಳಿ ಸುತ್ತುವುದು ಹೇಗೆ? ಅದು ದಾಟಿದರೆ 'ಪ್ರ' ಬೇರೆ ಒತ್ತು ಇಳಿಬಿಟ್ಟುಕೊಂಡು ಕಾದಿತ್ತು. ಗೃಹಪ್ರವೇಶಕ್ಕೆ ಬಂದವರಿಗೆ ಅದು ಗೃಹಪ್ರವೇಶ ಅಂತ ಗೊತ್ತೇ ಇರುತ್ತದಲ್ಲ ಎಂದು ಆ ಪದವನ್ನೇ ಬಿಟ್ಟೆ. ಉಳಿದದ್ದನ್ನು ಮುತ್ತಿನಂತೆ ಕೆತ್ತಿ, ಕೊಡವನ್ನು ಬಣ್ಣದ ಕಾಗದದಲ್ಲಿ ಸುತ್ತಿಟ್ಟೆ.

ಗೃಹಪ್ರವೇಶದ ದಿನ ಊಟಕ್ಕೆ ಮೊದಲು ಕಾಗದ ಬಿಚ್ಚಿದರು. ಹೆಂಡತಿಯ ಚಿಕ್ಕಪ್ಪ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದರು: "ಅತ್ತೆಯವರ ನೆನಪಿಗಾಗಿ. ಮಗಳು, ಅಳಿಯ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಶಾಲೆಯ ಬೀರುವಿನ ಮೇಲೆ ಯಾರ 'ನೆನಪಿಗಾಗಿ' ಎಂದು ಬರೆಸುತ್ತಾರೆ ಅನ್ನುವುದು ನನಗೆ ಹೊಳೆದದ್ದೇ ಆಗ. ಕಿವಿ ಮಂದವಾದ ಅಜ್ಜಿಯೊಬ್ಬರು ಪಕ್ಕದವರನ್ನು, ಪಾಪ, ಯಾವಾಗ ಆಯಿತು ಎಂದು ವಿಚಾರಿಸಿದರು. ಹೆಂಡತಿ ನನ್ನತ್ತ ನೋಡಲೂ ಇಲ್ಲ. ಮೆಷಿನ್ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಅತ್ತೆಯವರ ಮುಖ ನೋಡಲು ನಾಚಿಕೆಯಾಗಿತ್ತು. ನನ್ನನ್ನು ಒಂದು ದಿನವೂ ನೋಯಿಸದ ಜೀವ ಅದು. ಈಗಲೇ ಉಜ್ಜಿ ಅಳಿಸಿಕೊಂಡು ಬರ್ತೇನೆ ಎಂದು ಕೊಡಕ್ಕೆ ಕೈ ಹಾಕಿದೆ.

ಅತ್ತೆಯವರು ಕೊಡ ಬಿಡಲಿಲ್ಲ. ಅಕ್ಷರದ ಮೇಲೆಲ್ಲ ಬೆರಳಾಡಿಸಿ ನೋಡಿದರು.

"ಅಳಿಸೋದು ಎಂತಕ್ಕೆ ಅಳಿಯಂದ್ರೇ? ಇವತ್ತಲ್ಲ ನಾಳೆ ಬೇಕಾಗುವುದೇ. ಚಂದ ಬರ್ದಿದ್ದೀರಿ, ತಾರೀಖಿಗೂ ಜಾಗ ಬಿಟ್ಟಿದ್ದೀರಿ." ಆಮೇಲೆ ಮಗಳ ಕಡೆ ತಿರುಗಿದರು. "ಆ ಮೆಷಿನ್ ಒಂದು ತಗೊಳ್ಳಲಿ ಬಿಡೇ ಮಾರಾಯ್ತಿ. ತಾರೀಖು ಹಾಕುವ ದಿನ ಇವರು ನನ್ನನ್ನು ಅಂಗಳದಲ್ಲಿ ಮಲಗಿಸಿಟ್ಟು, ಮೆಷಿನ್ ಕಡ ಕೇಳ್ತಾ ಊರು ತಿರುಗುವುದು ಬೇಡ."