ಮಾವ ನೋಡಿದ ಹಲ್ಲು

ನನ್ನ ಸೋದರಮಾವ ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಅವರ ಕಣ್ಣು ನೇರವಾಗಿ ಬಾಯಿಗೆ ಹೋಗುತ್ತಿತ್ತು. ಚೇಳೂರು ಸಂತೆಯಲ್ಲಿ ಅವರು ದನದ ದಲ್ಲಾಳಿ. ಎತ್ತಿನ ತುಟಿ ಎತ್ತಿ, ಹಲ್ಲು ನೋಡಿ ವಯಸ್ಸು ಹೇಳುವುದು ಕಸುಬು. ಆ ಕಸುಬು ಸಂತೆಯಲ್ಲೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯಬೇಕಿತ್ತೇ?

ಅಪ್ಪನಿಲ್ಲದ ನನ್ನನ್ನು ಸ್ಕೂಲಿಗೆ ಸೇರಿಸಿದವರು ಅವರೇ. ನಾನು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ ಎಂಬುದಷ್ಟೇ ಅವ್ವನಿಗೆ ನೆನಪು. ಮೇಷ್ಟ್ರು ವಯಸ್ಸು ಕೇಳಿದಾಗ ಮಾವ ನನ್ನ ಗಲ್ಲ ಹಿಡಿದು ಬಾಯಿ ತೆರೆಸಿದರು.

"ಇನ್ನೂ ಹಾಲುಹಲ್ಲು ಸ್ವಾಮಿ. ಎರಡು ವರ್ಷ ದಾಟಿಲ್ಲ."

"ಅದು ಕರುವಿನ ಲೆಕ್ಕ ಕಣಯ್ಯ" ಎಂದು ನಕ್ಕು ಮೇಷ್ಟ್ರು ಆರು ಎಂದು ಬರೆದುಕೊಂಡರು. ನನ್ನ ಬಿ.ಎ. ಸರ್ಟಿಫಿಕೇಟಿನವರೆಗೂ ಆ ಆರರ ಲೆಕ್ಕವೇ ನಡೆದು ಬಂತು. ಹೌದು, ಬಿ.ಎ. ನಮ್ಮ ವಂಶಕ್ಕೇ ಮೊದಲನೆಯದು. ಸೀಟು ಸಿಗದೆ ಬಸ್ಸಿನ ಟಾಪಿನ ಮೇಲೆ ಕೂತು ಓದಿದ ಬಿ.ಎ.; ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ತುಮಕೂರಿನಲ್ಲಿ ಗುಮಾಸ್ತನಾಗಿ ಶಿರಾ ಗೇಟಿನ ಹತ್ತಿರ ರೂಮು ಮಾಡಿದ್ದಾಗ ಬಲದವಡೆಯ ಕೊನೆಯಲ್ಲಿ ಬುದ್ಧಿಹಲ್ಲು ಅಡ್ಡಡ್ಡ ಎದ್ದಿತು. ಕೆನ್ನೆ ಬನ್ನಿನಂತೆ ಊದಿತು. ಡಾಕ್ಟರು ಕೀಳಿಸಿ ಎಂದರು. ಸುದ್ದಿ ಕೇಳಿ ಮಾವ ಬಂದಿಳಿದರು.

"ಬೇಡ ಕಣ್ಲಾ. ಈಗ ತಾನೇ ಕಡೇ ಹಲ್ಲು ಬಂದು ನಿನ್ನ ಬಾಯಿ ತುಂಬ್ತಾ ಐತೆ. ಹಲ್ಲು ಕಿತ್ತ ಎತ್ತನ್ನ ನಾನು ಯಾವತ್ತಾದ್ರೂ ಯಾಪಾರ ಮಾಡಿದೀನಾ?"

"ನಾನು ಎತ್ತಲ್ಲ ಮಾವ, ಬಿ.ಎ."

"ಬಿಎ ಆದ್ರೇನ್ಲಾ, ದವಡೆ ದವಡೇನೇ. ತೆಗಿ ಬಾಯಿ."

ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಂಡಕಂಡವರಿಗೆ ನನ್ನ ಬಾಯಿ ತೋರಿಸಿ ಅಭಿಪ್ರಾಯ ಕೇಳಿದರು. ಗುಬ್ಬಿ ಬಸ್ಸಿನ ಕಂಡಕ್ಟರು ಬಗ್ಗಿ ನೋಡಿ, "ಕೀಳ್ಸೋದೇ ವಾಸಿ ಯಜಮಾನ್ರೇ. ಯಾವ ಸಂತೇಗೆ ಹೊಡ್ಕೊಂಡು ಹೊಂಟಿದೀರಿ?" ಎಂದ.

ಮಾವ ಜಗ್ಗಲಿಲ್ಲ. "ಮುದ್ದೆ ನುಂಗೋ ಜನ ನಾವು. ಅಗಿಯೋ ಕೆಲ್ಸ ಎಲ್ಲೈತೆ? ನೋವಿದ್ರೆ ಇರ್ಲಿ ಬುಡು."

ಮಾರನೆಯ ದಿನ ಮುದ್ದೆಯೂ ಗಂಟಲಿಗಿಳಿಯಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಮಾವ ಸ್ವಲ್ಪ ಹೊತ್ತು ನೋಡಿದರು. ಎದ್ದು ಟವಲ್ಲು ಕೊಡವಿ ಹೆಗಲಿಗೆ ಹಾಕಿದರು.

"ಮುದ್ದೆ ಬುಟ್ಟವ್ನೆ ನನ್ನ ಅಳಿಯ. ನಡಿ, ಕೀಳ್ಸನ."

ಡಾಕ್ಟರು ಹೊರಗಿರಿ ಎಂದರೂ ಹೋಗಲಿಲ್ಲ. ಕುರ್ಚಿಯ ಪಕ್ಕ ನಿಂತು, ಕರುವಿನ ಕೊರಳಡಿ ಜೋಲುವ ಗಂಗೆದೊಗಲು ಸವರಿದ ಹಾಗೆ ನನ್ನ ಕೊರಳು ಸವರುತ್ತ, "ಹೋ... ಹೋ... ಆಯ್ತು ಮಗ" ಎನ್ನುತ್ತಿದ್ದರು. ಹಲ್ಲು ಕಿತ್ತು ಬಂದ ಮೇಲೆ ತಿರುಗಿ ನೋಡಿದೆ. ಜೀವನವೆಲ್ಲ ಬಾಯಿ ನೋಡಿಕೊಂಡೇ ಬದುಕಿದ ಮನುಷ್ಯ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

ಈಗ ಎಡಗಡೆಯದು ಎದ್ದಿದೆ. "ಕೀಳೋಣವೋ ಬೇಡವೋ, ನೀವೇ ಹೇಳಿ" ಎನ್ನುತ್ತಾರೆ ಡಾಕ್ಟರು. ಬೇಡ ಕಣ್ಲಾ ಎನ್ನಲು ಮಾವ ಇಲ್ಲ.

ಮೊನ್ನೆ ಸಂತೆಯ ದಿನ ಚೇಳೂರಿಗೆ ಹೋಗಿದ್ದೆ. ಯಾರೋ ದಲ್ಲಾಳಿ ಎತ್ತಿನ ತುಟಿ ಎತ್ತುತ್ತಿದ್ದ. ಊದಿದ ಕೆನ್ನೆ ಹೊತ್ತು ಅವನ ಪಕ್ಕದಲ್ಲಿ ಸುಮ್ಮನೆ ನಿಂತೆ.

"ಏನ್ ಬೇಕಿತ್ತು ಸಾರ್?" ಎಂದ.

ಅವನು ನನ್ನ ಮುಖ ನೋಡಿ ಮಾತಾಡಿದ.