ಮೂಕ ಬೋರ್ಡು ಮಾತಾಡಿದ್ದು

ನಮ್ಮ ಮನಿಯವರು ರೈಲ್ವೆಯಿಂದ ರಿಟಾಯರ್ ಆಗಿ, ದೌಂಡ ಬಿಟ್ಟು ಪುಣೆದಾಗಿನ ವಾಕಡಕ್ಕ ಬಂದಾಗಿಂದ ನಮ್ಮ ಊಟದ ಟೇಬಲ್ ಮ್ಯಾಲ ಊಟ ಒಂದು ಬಿಟ್ಟು ಎಲ್ಲಾ ಇರ್ತದ. ಸ್ಕ್ರೂ, ವೈರು, ಹೊಟ್ಟಿ ಬಿಚ್ಚಿದ ರೇಡಿಯೋ. ಅಂದಮ್ಯಾಲ ದಿನಾ ಒಂದು ಫಜೀತಿ ಆಗದ ಇರ್ತದೇನು? ಈ ಸಲದ್ದು ಮಾತ್ರ ನಮ್ಮ ಅಪಾರ್ಟ್‌ಮೆಂಟಿನ ಇಡೀ ಸೊಸೈಟಿಗೆ ಗೊತ್ತಾತು. ನನಗ ಓದು ಬರಹ ಇಲ್ಲ. ನಾ ಹೇಳೀನಿ, ಮೊಮ್ಮಗಳು ಬರಕೊಂಡಾಳ.

ಸೊಸೈಟಿ ಆಫೀಸಿನಾಗ ಕೆಂಪು ಅಕ್ಷರ ಓಡೋ ಬೋರ್ಡೊಂದು ಇತ್ತು. ಅದನ್ನ ನಡಸೋ ಕಂಪ್ಯೂಟರ್ ಕೆಟ್ಟು, ಮೂಕಾಗಿ ಬಿದ್ದಿತ್ತು. ಸೆಕ್ರೆಟರಿ ಮೇಡಂ ರದ್ದಿಯವಗ ಕೊಡಾಕ ಹೊಂಟಾಗ ಇವರು ಅಡ್ಡ ನಿಂತು, “ಗಣಪತಿ ಕೂಡೋ ದಿನ ಇದರ ಮ್ಯಾಲ ಆರತಿ ಟೈಮು ಓಡಸ್ತೀನಿ” ಅಂತ ಎಲ್ಲಾರ ಮುಂದ ಮಾತು ಕೊಟ್ಟಬಿಟ್ರು.

ಮೇಡಂ ಮರಾಠಿಯಾಗ ಅಂದ್ರು, “ಬೋರ್ಡು ಬರೋಬ್ಬರಿ ನಡದ್ರ ಇರಲಿ ಕಾಕಾ. ಇಲ್ಲಾಂದ್ರ ಫ್ಲೆಕ್ಸ್ ಕಟ್ಟಿ, ಇದನ್ನ ಅವತ್ತ ರದ್ದಿಗೆ ಕಳಸ್ತೀನಿ.”

ಇಬ್ಬರೂ ಮಾತಾಡೋರ

ಇವರು ಎಲಿ ಅಡಕಿ ಡಬ್ಬಿಯಷ್ಟು ಸಣ್ಣ ಕಂಪ್ಯೂಟರ್ ತರಿಸಿದ್ರು. ಒಂದ ಹಲಗಿ, ಅದರ ಮ್ಯಾಲ ಎಲ್ಲಾ. ಅದರಾಗ ಬೇಸಿಕ್ ಅನ್ನೋ ಭಾಷಾದಾಗ ಬರದ್ರ, ಸೀರಿಯಲ್ ಪೋರ್ಟ್ ಅನ್ನೋ ಕಿಂಡಿಯಿಂದ ಅಕ್ಷರ ಒಂದರ ಹಿಂದ ಒಂದು ಸಾಲಾಗಿ ಬೋರ್ಡಿಗೆ ಹೋಗ್ತಾವಂತ.

“ಅಜ್ಜಾ, ಬೇಸಿಕ್ ಅಂದ್ರ ಮ್ಯೂಸಿಯಂ ಐಟಮ್!” ಅಂದಳು ಮೊಮ್ಮಗಳು.

“ನಾನೂ ಅದ ಕಾಲದಾಂವ. ಇನ್ನೂ ನಡೀತೀನಲ್ಲ?” ಅಂದ್ರು.

ಇವರು ವೈರು ಕಟ್ಟಿ, ಪ್ರೋಗ್ರಾಮ್ ಬರದ್ರೂ ಬೋರ್ಡು ಪಿಟಕ್ ಅನ್ನಲಿಲ್ಲ. ನಾ ಹತ್ರ ಕೂತು, “ಈ ವೈರು ಏನು ಮಾಡ್ತದ್ರೀ?” ಅಂದೆ.

“ಇದು ಮಾತಾಡೋದು, ಅದು ಕೇಳೋದು.”

ಮೊಮ್ಮಗಳು ಬಗ್ಗಿ ನೋಡಿ ನಕ್ಕಳು. “ಅಜ್ಜಾ, ಇದರ ಬಾಯಿಂದ ಅದರ ಕಿವಿಗೆ ಹೋಗಬೇಕು. ನೀವು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟೀರಿ. ಇಬ್ಬರೂ ಮಾತಾಡಿದ್ರ ಕೇಳೋರು ಯಾರು?”

ನಮ್ಮ ಮನಿಯಾಗೂ ಹಂಗ ಅಲ್ಲೇನು ಅಂತ ನಾ ಹೇಳಾಕ ಹೋದೆ. ಕೇಳಸಲಿಲ್ಲ. ಇವರೂ ಆಗಲೇ ಅದನ್ನ ಹೇಳಾಕತ್ತಿದ್ರು.

ನಕ್ಷಿ

ವೈರು ಅದಲು ಬದಲು ಮಾಡಿದ ಮ್ಯಾಲ ಬೋರ್ಡು ಬೆಳಗಿತು. ಆದ್ರ ಅಕ್ಷರ ಅಲ್ಲ, ಕೆಂಪಿರುವಿ ಮೆರವಣಿಗಿ! ಇವರು ಕಳಸೋ ವೇಗ ಒಂದು, ಬೋರ್ಡು ತಗೊಳ್ಳೋ ವೇಗ ಒಂದು, ಅದಕ್ಕ ಹಿಂಗ ಅಂತ ಮೊಮ್ಮಗಳು ಹೇಳಿದಳು. ನನಗ ಥಟ್ಟನ ತಿಳೀತು. ಗೇಟಿನ ಮುಂದಿನ ಉಡುಪಿ ಹೋಟೆಲಿನ ಅಣ್ಣಾರು ತಿಂಡಿ ಹೆಸರು ಗಡಗಡ ಹೇಳ್ತಾರಲ್ಲ, ಅವರದೂ ಕನ್ನಡ, ನಂದೂ ಕನ್ನಡ. ಆದ್ರ ನಾ ಇಡ್ಲಿ ಅಂದ್ರ ಟೇಬಲ್ಲಿಗೆ ಬನ್ಸ್ ಬರ್ತಾವ.

ಅಷ್ಟರಾಗ ಮೇಡಂ ಬಂದು ಭಾಳ ಹೊತ್ತು ನೋಡಿದ್ರು. “ವಾ ಕಾಕಾ, ನಕ್ಷಿ ಭಾರಿ ಅದ! ಆರತಿ ಎಷ್ಟಕ್ಕ?”

ಗಣಪತಿ ಮುಂದ

ಮೊಮ್ಮಗಳು ವೇಗ ಹೊಂದಿಸಿ, ತಾನ ಎರಡು ಸಾಲು ಪ್ರೋಗ್ರಾಮ್ ಬರದು ಬೋರ್ಡಿನ ಮ್ಯಾಲ ಅಜ್ಜನ ಹೆಸರು ಓಡಿಸಿದಳು. ಇವರಿಗೆ ಅಷ್ಟ ಸಾಕಾಗಲಿಲ್ಲ. “ಮಾತು ಕೊಟ್ಟಾಂವ ನಾನು, ಪ್ರೋಗ್ರಾಮೂ ನಾನ ಬರೀತೀನಿ” ಅಂತ ಎಲ್ಲಾ ಅಳಿಸಿ ಹೊಸದಾಗಿ ಬರದ್ರು.

ಗಣಪತಿ ಕೂಡೋ ದಿನ ಮಂಟಪದಾಗ ಬೋರ್ಡು ಮತ್ತ ಮೂಕಾತು. ಇವರು ಟೈಪ್ ಮಾಡೇ ಮಾಡಿದ್ರು. ಏನೂ ಇಲ್ಲ. ನಾ ಅವಸರದಾಗ ಕರದ ಮೋದಕದ ಡಬ್ಬಿ ತಂದಿಟ್ಟೆ. ಒಂದು ಬಾಯಾಗ ಹಾಕ್ಕೊಂಡು ಮತ್ತ ಟೈಪ್ ಮಾಡಿದ್ರು. ಜನಾ ಕೂಡಿತು. “ಕಾಕಾ, ಫ್ಲೆಕ್ಸ್ ತರಸಲೇನು?” ಅಂದ್ರು ಮೇಡಂ. ಇವರ ಮಾರಿ ಸಣ್ಣದಾತು.

ಮೊಮ್ಮಗಳು ಬಂದು ನೋಡಿ, “ಅಜ್ಜಾ, ಸಾಲಿನ ತುದಿಗೆ ಈ ಸೆಮಿಕೋಲನ್ ಯಾಕ?” ಅಂದಳು.

“ರೈಲ್ವೆ ಆಫೀಸಿನ ರೂಢಿ. ಅದನ್ನ ಹಾಕಿದ್ರ ಪ್ರಿಂಟರ್ ಹೊಸ ಸಾಲಿಗೆ ಹೋಗಂಗಿಲ್ಲ, ಕಾಗದ ಉಳೀತದ. ಸಾಹೇಬ್ರು ಭಾಳ ಮೆಚ್ಚತಿದ್ರು.”

“ಬೋರ್ಡಿಗೆ ಎಲ್ಲಿ ಕಾಗದ ಅದ ಅಜ್ಜಾ? ಸಾಲು ಮುಗದದ್ದ ಅದಕ್ಕ ಗೊತ್ತಾಗಿಲ್ಲ. ನೀವು ಇನ್ನೂ ಮಾತಾಡ್ತೀರಿ ಅಂತ ಕಾಯಾಕತ್ತದ!” ಅಂದವಳ ಅದನ್ನ ತಗದು, ಪರೀಕ್ಷಾಕ್ಕ ಅಂತ ಮೊದಲು ‘ಗಣಪತಿ ಬಾಪ್ಪಾ ಮೋರಯಾ’ ಅಂತ ಬರದು, ಗುಂಡಿ ಒತ್ತಿದಳು.

“ತಡಿ, ತಡಿ! ಮುಂಜಾನಿಂದ ನಾ ಬರದದ್ದೆಲ್ಲಾ ಎಲ್ಲಿ ಹೋತು?”

“ಎಲ್ಲೂ ಹೋಗಿಲ್ಲ ಅಜ್ಜಾ. ಹೊಟ್ಟ್ಯಾಗ ಇಟಗೊಂಡದ.”

ಬೋರ್ಡು ಬೆಳಗಿತು. ಇಂಗ್ಲಿಷ್ ಅಕ್ಷರದಾಗ ಮರಾಠಿ. ನನಗ ಓದಾಕ ಬರದಿದ್ರ ಏನಾತು, ಇಡೀ ಸೊಸೈಟಿ ಗಟ್ಟಿಯಾಗಿ ಓದಾಕತ್ತಿತು. ‘ಹಲೋ ಹಲೋ.’ ‘ಏನಾಗೇದೋ ನಿನಗ, ಮಾತಾಡೋ.’ ‘ಸೆಕ್ರೆಟರಿ ನನ್ನ ತಲಿ ತಿಂತಾಳ.’ ಜನಾ ಹೋ ಅಂತು. ‘ಹೆಂಡ್ತಿ ಮೋದಕ ಕಲ್ಲಾಗ್ಯಾವ. ಹಲ್ಲು ಹೋಗ್ತಾವ.’ ಅದರ ಬೆನ್ನಿಗೆ ‘ಗಣಪತಿ ಬಾಪ್ಪಾ’ ಬಂತು, ಎಲ್ಲಾರೂ ರೂಢಿಯಂಗ “ಮೋರಯಾ!” ಅಂತ ಕೂಗಿದ್ರು.

ಆ ಬೋರ್ಡಿನ ಗುಣ ಏನಂದ್ರ, ಮುಗದ ಮ್ಯಾಲ ಮತ್ತ ಮೊದಲಿಂದ ಓಡಸ್ತದ. ಇವರು ಗಣಪತಿ ಹಿಂದ ಹೋಗಿ ನಿಂತ್ರು. ಮೇಡಂ ಸಿಟ್ಟಾಗ್ಯಾರ ಅಂತ ನಾ ಹೆದರಿ ಹೆದರಿ ಡಬ್ಬಿ ಮುಂದ ಹಿಡದೆ. ಅವರು ಒಂದು ಮೋದಕ ತಗೊಂಡ್ರು, ಕಡದ್ರು, ಗಲ್ಲ ಹಿಡಕೊಂಡು ಬೋರ್ಡಿನ ಕಡೆ ನೋಡಿದ್ರು.

“ಫ್ಲೆಕ್ಸ್ ಬ್ಯಾಡ” ಅಂದ್ರು. “ಬೋರ್ಡು ಬರೋಬ್ಬರಿ ನಡದದ, ಕಾಕಾ!”