ಏಸಿ ಸುಮ್ಮನಾದ ಭಾನುವಾರ

“ಈ ಭಾನುವಾರ ಸಂಜೆಯೊಳಗೆ ಕಾರಿನ ಏಸಿಯ ಬಾಯಿ ಮುಚ್ಚಿಸದಿದ್ರೆ, ಇನ್ನು ಮೇಲೆ ನಾನು ಸ್ಟೀರಿಂಗ್ ಮುಟ್ಟೋದಿಲ್ಲ! ಬರೆದಿಟ್ಕೋ!” ಎಂದು ಯಜಮಾನರು ಊಟದ ಮೇಜು ಗುದ್ದಿ ಸಾರಿದರು. ಲೋಟದ ನೀರು ತುಳುಕಿತು.

“ಬರೆದಿಟ್ಕೊಳ್ಳೋದು ಯಾಕೆ, ನೆನಪಿರತ್ತೆ” ಎಂದು ಹೆಂಡತಿ ಮೇಜು ಒರೆಸಿದಳು.

ಸ್ಟೀರಿಂಗನ್ನು ಪಣಕ್ಕಿಡುವುದು ಯಜಮಾನರ ಪಾಲಿಗೆ ಸಣ್ಣ ಮಾತಲ್ಲ. ನಕ್ಷೆ ಕಚೇರಿಯಲ್ಲಿ ಅವರದು ಕಡಲತೀರದ ಗೆರೆ ತಿದ್ದುವ ಕೆಲಸ. ಕೂದಲು ನರೆಯುವ ತನಕ ತಿದ್ದಿದರೂ ಕಡಲಿಗೆ ಕಾಲು ಅದ್ದಿದವರಲ್ಲ. ಆ ಕೊರತೆ ನೀಗಿಸಿದ್ದು ಹಳೆಯ ಕಾರು. ಏಸಿ ಹಾಕಿದರೆ ಸಾಕು, ಒಳಗಿಂದ ‘ಘರ್ರ್... ಟಕಟಕಟಕ... ಘರ್ರ್’ ಎಂಬ ಸದ್ದು ಏಳುತ್ತಿತ್ತು. ಊರಿಗೆಲ್ಲ ಅದು ಕೆಟ್ಟ ಏಸಿ. ಯಜಮಾನರಿಗೆ ಹಡಗಿನ ಎಂಜಿನ್ನು! ತಣ್ಣನೆ ಗಾಳಿ ಮುಖಕ್ಕೆ ಸೋಕುತ್ತಲೇ ರಸ್ತೆ ಕರಗಿ ನೀರಾಗುತ್ತಿತ್ತು. ಮುಂದಿನ ಲಾರಿ ತಿಮಿಂಗಿಲ. ಸಿಗ್ನಲ್ಲಿನ ಕೆಂಪು ದೀಪ, ದೂರದ ಯಾವುದೋ ಬಂದರು. ಗೇರು ಬದಲಿಸುತ್ತ ಅವರು ದ್ವೀಪದಿಂದ ದ್ವೀಪಕ್ಕೆ ತೇಲುತ್ತಿದ್ದರು. ಪಕ್ಕದಲ್ಲಿ ಹೆಂಡತಿಯ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಮಾತ್ರ ಅಲೆಗಳ ಆಚೆಗೇ ಉಳಿಯುತ್ತಿತ್ತು. ಮನೆಯ ಶಾಂತಿಗಾಗಿ ಅವರು ಆಗಾಗ “ಹೂಂ” ಎನ್ನುತ್ತಿದ್ದರು.

ಇಂಥ ಸುಖಕ್ಕೆ ಕಲ್ಲು ಹಾಕಿದವನು ಹೆಂಡತಿಯ ತಮ್ಮ. ಒಂದೇ ಒಂದು ಸಲ ಕಾರಿನಲ್ಲಿ ಕೂತು ಇಳಿಯುತ್ತ, “ಭಾವ, ಇದು ಏಸೀನೋ ಹಿಟ್ಟಿನ ಗಿರಣೀನೋ? ನಿಮ್ಮ ಕೈಲಾಗಲ್ಲ ಬಿಡಿ, ನಾನೇ ಗ್ಯಾರೇಜಿಗೆ ಬಿಡ್ತೀನಿ” ಎಂದುಬಿಟ್ಟ. ಕೈಲಾಗಲ್ಲವೇ? ಯಾರ ಕೈಲಿ? ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ಭಾನುವಾರ ಬೆಳಿಗ್ಗೆ ಯಜಮಾನರು ಬಾನೆಟ್ ಎತ್ತಿದರು. ಅಡುಗೆಮನೆಯ ಉದ್ದ ಸೌಟಿನ ಒಂದು ತುದಿಯನ್ನು ಕಂಪ್ರೆಸರಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಮಹಾವೈದ್ಯರಂತೆ ಕಣ್ಣು ಮುಚ್ಚಿದರು. ಒಳಗೆ ಕೂತ ಹೆಂಡತಿಗೆ ಫ್ಯಾನಿನ ಗುಂಡಿ ತಿರುಗಿಸುವ ಕೆಲಸ.

“ಒಂದಕ್ಕಿಡು!”

“ಇಟ್ಟೆ!”

“ಮೂರಕ್ಕೆ!”

“ಇಟ್ಟೆ!”

“ಸಿಕ್ತು ನಾಡಿ! ಕಂಪ್ರೆಸರ್ ಬೇರಿಂಗ್ ಕಣೇ! ಅನುಮಾನವೇ ಇಲ್ಲ!”

“ರೀ, ಎಂಜಿನ್ನೇ ಶುರು ಮಾಡಿಲ್ಲ. ಕಂಪ್ರೆಸರ್ ತಿರುಗೋದು ಹೇಗೆ? ಸದ್ದು ಬರ್ತಿರೋದು ಇಲ್ಲಿ, ನನ್ನ ಮೊಣಕಾಲ ಹತ್ತಿರ. ಫ್ಯಾನ್ ಜೋರಾದ್ರೆ ಅದೂ ಜೋರು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದ ವೈದ್ಯರು ಗಡಬಡಿಸಿ ತಲೆ ಎತ್ತಿದರು. ಬಾನೆಟ್ ಠಣ್ಣೆಂದಿತು. “ಇದೆಲ್ಲ ನಿನಗೆ ಹೇಗೆ ಗೊತ್ತು?” ಎಂದು ನೆತ್ತಿ ಉಜ್ಜಿಕೊಂಡರು. ಹೆಂಡತಿ ಏನೋ ಹೇಳಿದಳು. ಕಿವಿಯಲ್ಲಿನ್ನೂ ಠಣಠಣ ಅನ್ನುತ್ತಿದ್ದುದರಿಂದ ಅವರು “ಹೂಂ” ಎಂದರು.

ಆಮೇಲೆ ಹೆಂಡತಿಯನ್ನು ಸ್ಟೀರಿಂಗ್ ಕಡೆಗೆ ಸರಿಸಿ, ಕಾಲೆರಡನ್ನೂ ರಸ್ತೆಗೆ ಚಾಚಿ, ತಲೆ ಕೆಳಗಾಗಿ ಪಕ್ಕದ ಸೀಟಿನ ಮುಂದೆ ನುಗ್ಗಿದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಕಳಚಿತು. ಅದರ ಹಿಂದಿನ ಫಿಲ್ಟರ್ ಎಳೆದರೆ, ಕಂಬಳಿಯೇ ಬಂತು! ಅಷ್ಟು ದೂಳು.

“ಈಗ ಫ್ಯಾನ್ ಹಾಕು, ನೋಡೋಣ!”

“ಮುಖ ಅಲ್ಲೇ ಇದೆಯಲ್ರೀ. ಎಷ್ಟಕ್ಕಿಡಲಿ?”

“ನಾಲ್ಕಕ್ಕೇ ಇಡು! ಹೆದರೋ ಮಗ ನಾನಲ್ಲ!”

ಇಟ್ಟಳು. ಅಷ್ಟು ವರ್ಷ ಕಾರು ಉಸಿರಾಡಿದ ದೂಳೆಲ್ಲ ಒಂದೇ ಉಸಿರಿಗೆ ಯಜಮಾನರ ಮುಖಕ್ಕೆ ಬಂತು! ಸೀನಿನ ಮೇಲೆ ಸೀನು. ರಸ್ತೆಯಲ್ಲಿದ್ದ ಕಾಲುಗಳು ತಾಳ ಹಾಕಿದವು. ಹೊರಬಂದಾಗ ಕಣ್ಣೆರಡು ಬಿಟ್ಟು ಉಳಿದುದೆಲ್ಲ ಬೂದಿ ಬಣ್ಣ. ಆದರೆ ಮುಷ್ಟಿಯಲ್ಲಿ ಶತ್ರು ಸೆರೆಯಾಗಿದ್ದ. ಫ್ಯಾನಿಗೆ ಸಿಕ್ಕಿಕೊಂಡಿದ್ದ ಒಣ ಎಲೆಗಳ ಉಂಡೆ, ಅದರ ನಡುವೆ ಒಂದು ಪೆನ್ನಿನ ಮುಚ್ಚಳ. ಗುಡ್ಡ ಅಗೆದು ಇಲಿ ಹಿಡಿದಂತಾಗಿತ್ತು. ಇರಲಿ, ಇಲಿಯಾದರೂ ಸಿಕ್ಕಿತಲ್ಲ!

ಸ್ನಾನ ಮುಗಿಸಿ, ಇಬ್ಬರೂ ವಿಜಯಯಾತ್ರೆ ಹೊರಟರು. ಏಸಿ ಹಾಕಿದರೆ ಸದ್ದೇ ಇಲ್ಲ. ಯಜಮಾನರು ಅಭ್ಯಾಸದಂತೆ ಕಡಲಿಗಾಗಿ ಕಾದರು. ರಸ್ತೆ ರಸ್ತೆಯಾಗಿಯೇ ಉಳಿಯಿತು. ಲಾರಿ ಲಾರಿಯೇ, ಅದರ ಹಿಂದೆ ‘ಹಾರ್ನ್ ಮಾಡಿ’ ಎಂಬ ಬರಹ ಬೇರೆ. ಅವರಿಗೆ ನಿಜಕ್ಕೂ ದುಃಖವಾಯಿತು. ಇಡೀ ಸಮುದ್ರವನ್ನು ನನ್ನ ಕೈಯಾರೆ ಬತ್ತಿಸಿದೆನಲ್ಲ!

ಆ ನಿಶ್ಶಬ್ದದಲ್ಲಿ ಪಕ್ಕದಿಂದ ಒಂದು ದನಿ, ಸ್ಪಷ್ಟವಾಗಿ: “ಹಾಗಾದ್ರೆ ನಮ್ಮಮ್ಮನ ರೂಮಿಗೆ ಹಸಿರು ಬಣ್ಣವೇ ತಾನೆ?”

“ಯಾವ ರೂಮು?”

“ಅದೇ, ನಿಮ್ಮ ನಕ್ಷೆಗಳನ್ನೆಲ್ಲ ಅಟ್ಟಕ್ಕೆ ಹಾಕಿ ಅಮ್ಮನಿಗೆ ಬಿಟ್ಟುಕೊಡೋಣ ಅಂದಾಗ ಹೂಂ ಅಂದ್ರಲ್ಲ, ಆ ರೂಮು.”

“ನಾನಾ? ಯಾವಾಗ?”

“ಇದೇ ಕಾರಲ್ಲಿ, ಇದೇ ರಸ್ತೇಲಿ. ಡ್ರೈವಿಂಗ್ ಕ್ಲಾಸಿಗೆ ಸೇರಲಾ ಅಂದೆ, ಹೂಂ ಅಂದ್ರಿ. ಲೈಸೆನ್ಸ್ ಬಂತು ಅಂದೆ, ಹೂಂ. ಒಂದಿನ ಮನಸ್ಸು ತಡೀದೆ, ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ ಕಣ್ರೀ ಅಂದೆ. ಅದಕ್ಕೂ ಬರೀ ಹೂಂ!”

ಯಜಮಾನರು ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಅಷ್ಟು ದ್ವೀಪ ಸುತ್ತಿದ ಕಪ್ತಾನರಿಗೆ, ಪಕ್ಕದ ಸೀಟಿನಲ್ಲಿ ಹೇಳಿದ ಈ ಒಂದು ಮಾತು ತಪ್ಪಿಹೋಗಿತ್ತು.

“ಇನ್ನೊಂದ್ಸಲ ಹೇಳೇ” ಎಂದರು ಮೆಲ್ಲಗೆ.

“ಅಯ್ಯೋ, ಈಗ ಹೇಗೆ ಹೇಳ್ಲಿ? ಈಗ ಕೇಳಿಸತ್ತಲ್ಲ!” ಎಂದು ಹೆಂಡತಿ ಕೆಂಪಾದಳು. ಇಳಿದಳು. ಕಾರಿನ ಮುಂದಿನಿಂದ ಸುತ್ತಿ ಬಂದು ಇವರ ಬಾಗಿಲು ತೆಗೆದಳು. “ಇಳೀರಿ.”

“ಯಾಕೆ? ಸದ್ದು ನಿಲ್ಲಿಸಿದ್ದೀನಲ್ಲ! ಪಣ ಗೆದ್ದಿದ್ದೀನಿ!”

“ಗೆದ್ರಿ, ಯಾರು ಇಲ್ಲ ಅಂದ್ರು? ಆದ್ರೆ ಇವತ್ತು ಅಮ್ಮನನ್ನ ಕರ್ಕೊಂಡು ಬರೋದು, ಇನ್ಮೇಲೆ ಕಾರು ಓಡಿಸೋದು ನಾನು. ಹೋದ ತಿಂಗಳೇ ಒಪ್ಪಿದ್ದೀರಿ.”

ಯಜಮಾನರು ತೆಪ್ಪಗೆ ಇಳಿದರು. ಸುತ್ತಿ ಹೋಗಿ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದರು.

“ಅಲ್ಲಲ್ಲ, ಹಿಂದೆ ಕೂತ್ಕೊಳ್ಳಿ!” ಎಂದಳು ಹೆಂಡತಿ, ಸೀಟು ಮುಂದಕ್ಕೆಳೆದುಕೊಳ್ಳುತ್ತ. “ಮುಂದೆ ಅಮ್ಮ ಕೂರ್ತಾರೆ. ಅದಕ್ಕಂತೂ ನೀವು ಎರಡೆರಡು ಸಲ ಹೂಂ ಅಂದಿದ್ದೀರಿ!”